ಚಿನ್ನದ ಕವಣೆ

ನಮ್ಮೂರಿನ ಟಿವಿ ಪ್ರಶಸ್ತಿಯ ಚರಿತ್ರೆ ಹೇಳಲು ನನಗಿಂತ ಯೋಗ್ಯನಾದವನು ಇನ್ನೊಬ್ಬನಿಲ್ಲ. ಇದು ಜಂಬದ ಮಾತಲ್ಲ. ಪ್ರಶಸ್ತಿ ಬಂದವರಿಗೆ ಅವರವರ ವರ್ಷ ಮಾತ್ರ ನೆನಪಿರುತ್ತದೆ. ಉಳಿದ ವರ್ಷಗಳಲ್ಲಿ ಯಾರ್ಯಾರಿಗೆ ಬಂತು, ಯಾತಕ್ಕೆ ಬಂತು, ಅದಕ್ಕೆ ಅವರು ಹೇಗೆ ಕಿಂಚಿತ್ತೂ ಅರ್ಹರಾಗಿರಲಿಲ್ಲ ಎಂಬುದನ್ನೆಲ್ಲ ವಿವರವಾಗಿ ನೆನಪಿಟ್ಟುಕೊಳ್ಳುವವನು ಬಾರದವನೇ. ಇಪ್ಪತ್ತನಾಲ್ಕು ವರ್ಷ ಬಾರದೆ ಇದ್ದವನು ನಾನು. ಆ ದಾಖಲೆ ಮುರಿಯುವವರು ಇನ್ನು ಹುಟ್ಟಿ ಬರಬೇಕು.

ನನ್ನ ಹೆಸರು ಗುರುಪಾದ. ಪುರಸಭೆಯಲ್ಲಿ ನೀರುಗಂಟಿ. ಬೆಳಿಗ್ಗೆ ಆರಕ್ಕೆ ಉದ್ದನೆಯ ಕಬ್ಬಿಣದ ಕೀಲಿ ಹೆಗಲಿಗೇರಿಸಿಕೊಂಡು ಹೊರಟರೆ ಹದಿನೇಳು ಬೀದಿಗಳ ವಾಲ್ವು ತಿರುಗಿಸಿ ನೀರು ಬಿಡುವುದು, ತಿರುಗಿಸಿ ನಿಲ್ಲಿಸುವುದು ನನ್ನ ಕೆಲಸ. ಅದು ಸರ್ಕಾರ ಕೊಟ್ಟ ಕೆಲಸ. ದೇವರು ಕೊಟ್ಟಿದ್ದು ಬೇರೆ: ನಾನು ಹಾಡುಗಾರ. ವಾಲ್ವಿನ ಗುಂಡಿಯ ಪಕ್ಕ ನಿಂತು, ಕೀಲಿಯ ಮೇಲೆ ತಾಳ ಹಾಕುತ್ತ, ಕಣ್ಣು ಮುಚ್ಚಿ ಹಾಡುತ್ತಿದ್ದೆ. ಕೊಡ ತುಂಬುವ ತನಕ ಜನ ನಲ್ಲಿ ಬಿಟ್ಟು ಕದಲುವಂತಿರಲಿಲ್ಲ. ಹೀಗಾಗಿ ದಿನಕ್ಕೆ ಹದಿನೇಳು ಸಭೆಗಳು, ಎಲ್ಲವೂ ಕಿಕ್ಕಿರಿದವು. ಅವರೆಲ್ಲ ನನ್ನ ಹಾಡಿಗಾಗಿ ನಿಂತಿದ್ದಾರೆ ಎಂದು ನಾನು ಬಹಳ ವರ್ಷ ನಂಬಿದ್ದೆ. ನೀರು ಬಾರದ ದಿನ ಹಾಡಿ ನೋಡಿದ್ದರೆ ಸತ್ಯ ಗೊತ್ತಾಗುತ್ತಿತ್ತು. ಅಂಥ ಅವಿವೇಕ ನಾನು ಮಾಡಲಿಲ್ಲ.

ಪ್ರಶಸ್ತಿಯನ್ನು ನಮ್ಮೂರಿಗೆ ತಂದವರು ಎಡ್ವಿನ್ ಕೈರನ್ನ. ಕರಾವಳಿ ಕಡೆಯವರು. ಜರ್ಮನಿಯ ಒಂದು ಟಿವಿ ಸ್ಟುಡಿಯೋದಲ್ಲಿ ಹತ್ತು ವರ್ಷ ಕೇಬಲ್ ಸುತ್ತಿ, ಯಾಕೋ ನಮ್ಮೂರಿಗೆ ಬಂದು, ಎಣ್ಣೆ ಗಿರಣಿಯ ಮಹಡಿ ಹಿಡಿದು ಚಾನೆಲ್ ಶುರು ಮಾಡಿದರು. ಒಂದು ಕ್ಯಾಮೆರಾ, ಎರಡು ದೀಪ. ಜರ್ಮನಿಯಲ್ಲಿ ವರ್ಷಕ್ಕೊಮ್ಮೆ ಸಂಗೀತಕ್ಕೂ ಮನರಂಜನೆಗೂ ಪ್ರಶಸ್ತಿ ಕೊಡುವ ದೊಡ್ಡ ಸಮಾರಂಭವಿತ್ತಂತೆ. ಕೊಡುತ್ತಿದ್ದದ್ದು ಬಂಗಾರದ ಬಣ್ಣದ ಒಂದು ಶ್ರುತಿಕವೆ. ಬಡಿದರೆ ಒಂದೇ ಸ್ವರ ಹೊರಡಿಸುವ ಎರಡು ಕವಲಿನ ಸಲಾಕೆ. "ಅಷ್ಟು ದೊಡ್ಡ ದೊಡ್ಡ ಗಾಯಕರು ಅಷ್ಟು ಸಣ್ಣ ವಸ್ತು ಎದೆಗೆ ಒತ್ತಿಕೊಂಡು ಅಳುದನ್ನು ನಾನು ಕಣ್ಣಾರೆ ನೋಡಿದೆ ಮಾರಾಯ್ರೇ. ನಮ್ಮವರೂ ಒಮ್ಮೆ ಹಾಗೆ ಅಳ್ಬೇಕು ಅಂತ ಆಸೆ," ಎನ್ನುತ್ತಿದ್ದರು. ಕಂಚುಗಾರರ ಮೌನೇಶನಿಗೆ ಮೂರು ಕವೆ ಮಾಡಿಕೊಡಲು ಹೇಳಿದರು. ಕೈರನ್ನರ ಉಚ್ಚಾರವೋ, ಮೌನೇಶನ ಕಿವಿಯೋ, ಕವೆ ಹೋಗಿ ಕವಣೆಯಾಯಿತು. ಮಾವಿನಕಾಯಿ ಉದುರಿಸಲು ಹುಡುಗರು ಇಟ್ಟುಕೊಳ್ಳುತ್ತಾರಲ್ಲ, ಅದೇ. ಹಿತ್ತಾಳೆಯಲ್ಲಿ ಎರಕ ಹೊಯ್ದು, ಹೊಳಪು ಕೊಟ್ಟು, ತುದಿಗಳಿಗೆ ಸೈಕಲ್ ಟ್ಯೂಬಿನ ರಬ್ಬರು ಸಹಿತ ಕಟ್ಟಿ ತಂದುಕೊಟ್ಟ. ಕೈರನ್ನ ಅದನ್ನು ಮೇಲೆ ಕೆಳಗೆ ತಿರುಗಿಸಿ ನೋಡಿ, ಕತ್ತರಿ ತೆಗೆದುಕೊಂಡು ರಬ್ಬರು ಕತ್ತರಿಸಿದರು. "ಸ್ವರ ಬರುದಿಲ್ಲ. ಆದರೆ ಆಕಾರಕ್ಕೆ ಮೋಸ ಇಲ್ಲ," ಎಂದರು. ಅಂದಿನಿಂದ ಅದು ಚಿನ್ನದ ಕವಣೆ.

ಮೊದಲ ವರ್ಷ ಮೂವರಿಗೆ ಬಂತು. ಭಜನೆಯ ಶೇಷಮ್ಮ, ಮದುವೆ ಬ್ಯಾಂಡಿನ ಕ್ಲಾರಿಯೊನೆಟ್ ಲತೀಫ್ ಸಾಬರು, ಮೂರನೆಯವನು ಹಕ್ಕಿಗಳ ಹಾಗೆ ಕೂಗುತ್ತಿದ್ದ ಒಬ್ಬ ಅಂಚೆಯವನು. ಸಮಾರಂಭ ಮುಗಿದ ಮೇಲೆ ಮೂವರೂ ವೇದಿಕೆಯ ಮೇಲೆಯೇ ಕೂತರು. ನಮ್ಮೂರಲ್ಲಿ ಕವಣೆ ಪಡೆದವರು ಆಮೇಲೆ ಕೆಳಗೆ ಕೂರುವಂತಿಲ್ಲ. ಮದುವೆಗೆ ಬಂದರೆ ವಧೂವರರ ಪಕ್ಕ ವೇದಿಕೆಯಲ್ಲಿ. ಬಸ್ಸಿನಲ್ಲಿ ಎಂಜಿನ್ ಪೆಟ್ಟಿಗೆಯ ಮೇಲೆ, ಪ್ರಯಾಣಿಕರಿಗೆ ಮುಖ ಮಾಡಿ. ಸಿನೆಮಾ ಟೆಂಟಿನಲ್ಲಿ ಪರದೆಯ ಮುಂದೆ ಹಲಗೆ ಹಾಕಿ ಕೂರಿಸುತ್ತಿದ್ದರು, ಪರದೆಗೆ ಬೆನ್ನು, ನಮ್ಮ ಕಡೆ ಮುಖ. ಲತೀಫ್ ಸಾಬರು ವರ್ಷಗಟ್ಟಲೆ ಚಿತ್ರ ನೋಡಿದ್ದು ನಮ್ಮ ಮುಖಗಳಲ್ಲಿ. ಹೊರಗೆ ಬಂದ ಮೇಲೆ ನನ್ನ ತೋಳು ಹಿಡಿದು, "ತಾಯಿ ಸತ್ತಿದ್ದು ಇಂಟರ್‌ವಲ್‌ಗೆ ಸ್ವಲ್ಪ ಮುಂಚೆ ಅಲ್ವಾ? ನಿನ್ನ ಬಾಯಿ ನೋಡಿ ಗೊತ್ತಾಯ್ತು ಬಿಡು," ಎನ್ನುತ್ತಿದ್ದರು. ಒಮ್ಮೆಯೂ ತಪ್ಪಾಗಲಿಲ್ಲ.

ನಾನು ಮೊದಲ ವರ್ಷದಿಂದಲೇ ಅರ್ಜಿ ಹಾಕಿದೆ. ಗಾಯನ ವಿಭಾಗ. ಸಮಾರಂಭದ ದಿನ ಮೂರನೇ ಸಾಲಿನಲ್ಲಿ, ಹೆಸರು ಕರೆದರೆ ಯಾರ ಕಾಲನ್ನೂ ತುಳಿಯದೆ ಎದ್ದು ಹೋಗಲು ಅನುಕೂಲವಾದ ಅಂಚಿನ ಕುರ್ಚಿಯಲ್ಲಿ ಕೂತಿದ್ದೆ. ಹೆಸರು ಬರಲಿಲ್ಲ. ಆದರೆ ಕೈರನ್ನ ಆಗಾಗ ಕ್ಯಾಮೆರಾ ತಿರುಗಿಸಿ ನನ್ನ ಕಡೆ ಹಿಡಿಯುತ್ತಿದ್ದರು. ಮರುದಿನ ಮರುಪ್ರಸಾರದಲ್ಲಿ ನೋಡಿದರೆ ಪ್ರತಿ ಹಾಡಿನ ಮಧ್ಯೆ ನನ್ನ ಮುಖ: ಶೇಷಮ್ಮ ಹಾಡಿದಾಗ ಕಣ್ಣೀರು, ಅಂಚೆಯವನು ಗೂಬೆಯಾದಾಗ ಬೆಚ್ಚಿ ಬಾಯಿ ಬಿಟ್ಟಿದ್ದು. ಇನ್ನು ಕೂದಲೆಳೆಯಷ್ಟೇ ಬಾಕಿ, ಅದಕ್ಕೇ ತೋರಿಸುತ್ತಿದ್ದಾರೆ ಎಂದುಕೊಂಡೆ. ಮುಂದಿನ ವರ್ಷ ಹೊಸ ಅಂಗಿ ಹೊಲಿಸಿದೆ. ಅದರ ಮುಂದಿನ ವರ್ಷ ಮೀಸೆ ತೆಗೆಸಿದೆ. ಪ್ರತಿ ಸಲವೂ ಕೈರನ್ನ ನನ್ನ ಬೆನ್ನು ತಟ್ಟಿ, "ಮುಂದಿನ ವರ್ಷ ನೋಡುವಾ," ಎನ್ನುತ್ತಿದ್ದರು. ಕರಾವಳಿಯವರ 'ನೋಡುವಾ' ಎಂದರೆ 'ಇಲ್ಲ' ಎಂದರ್ಥವೆಂದು ತಿಳಿಯಲು ನನಗೆ ಒಂಬತ್ತು ವರ್ಷ ಬೇಕಾಯಿತು.

ಈ ನಡುವೆ ವಿಭಾಗಗಳು ಬೆಳೆದವು. ಕೊಟ್ಟವರಿಗೇ ಮತ್ತೆ ಕೊಡುವಂತಿರಲಿಲ್ಲವಲ್ಲ. ಅತ್ಯುತ್ತಮ ಲಾಲಿ, ಅತ್ಯುತ್ತಮ ಸಿಳ್ಳೆ, ತರಕಾರಿ ಕೂಗಿನಲ್ಲಿ ಅತ್ಯುತ್ತಮ ಆಲಾಪ, ಹಾಡಲು ಬಾರದಿದ್ದರೂ ತಾಳ ತಪ್ಪದವರು. ಹತ್ತೊಂಬತ್ತನೇ ವರ್ಷ ಸಮೂಹಗಾನಕ್ಕೆಂದು ಇಡೀ ಶಾಲೆಗೆ ಕೊಟ್ಟರು. ಮುನ್ನೂರು ಮಕ್ಕಳು ಒಂದೇ ಬೆಳಿಗ್ಗೆ ವೇದಿಕೆ ಹತ್ತಿದವು. ಅಷ್ಟು ಜನಕ್ಕೆ ವೇದಿಕೆ ಸಾಲಬೇಕಲ್ಲ. ಪ್ರತಿ ವರ್ಷ ಬಡಗಿಗಳು ಬಂದು ಮುಂದಿನ ಒಂದು ಸಾಲು ಕುರ್ಚಿ ಕಿತ್ತು, ಅಲ್ಲಿಯ ತನಕ ಹಲಗೆ ಹೊಡೆಯುತ್ತಿದ್ದರು. ವೇದಿಕೆ ನನ್ನ ಕಡೆ ನಡೆದು ಬರುತ್ತಿತ್ತು, ನಾನು ಹಿಂದೆ ಹಿಂದೆ ಸರಿಯುತ್ತಿದ್ದೆ.

ಹದಿಮೂರನೇ ವರ್ಷದ ಮಾತನ್ನು ನಾನು ಬಿಟ್ಟುಬಿಡಬಹುದಿತ್ತು. ಚರಿತ್ರೆ ಬರೆಯುವವರು ತಮಗೆ ಬೇಡದ್ದನ್ನು ಬಿಡುವುದು ಹೊಸದಲ್ಲ. ಆದರೆ ಆ ವರ್ಷ ಮನರಂಜನೆಯ ಕವಣೆ ಬಂದದ್ದು ನನ್ನ ಹೆಂಡತಿ ನೀಲಾಂಬಿಕೆಗೆ.

ನೀಲಾಂಬಿಕೆ ಮಾತು ಕಡಿಮೆಯ ಹೆಂಗಸು. ನನ್ನ ಹಾಡಿನ ಬಗ್ಗೆ ಹೊಗಳಿಕೆಯಾಗಲಿ ತೆಗಳಿಕೆಯಾಗಲಿ ಅವಳ ಬಾಯಿಂದ ಬಂದದ್ದಿಲ್ಲ. ಮೌನ ಸಮ್ಮತಿ ಎಂದುಕೊಂಡು ನಾನು ಸಂಸಾರ ಮಾಡಿದ್ದೆ. ಆ ವರ್ಷ ಸಮಾರಂಭದಲ್ಲಿ ಮಹಿಳೆಯರಿಗೆ ಅರ್ಧ ಗಂಟೆ ಬಿಟ್ಟಿದ್ದರು, ಯಾರು ಬೇಕಾದರೂ ಬಂದು ಏನು ಬೇಕಾದರೂ ಮಾಡಬಹುದು. ಅಕ್ಕಪಕ್ಕದವರು ಅವಳನ್ನು ದಬ್ಬಿದರು. ಇವಳು ಮೇಲೆ ಹೋಗಿ ಏನು ಮಾಡಿಯಾಳು ಎಂದು ನಾನು ಕುತೂಹಲದಿಂದ ಮುಂದಕ್ಕೆ ಬಾಗಿದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾಣದ ಕೀಲಿಯೊಂದನ್ನು ಹೆಗಲಿನಿಂದ ಇಳಿಸಿ, ಬಗ್ಗಿ ತಿರುಗಿಸಿದಳು. ಮೊದಲು ಅವಳ ಗಂಟಲಿನಿಂದ ಕೊಳವೆಯ ಗಾಳಿ ಬಂತು. ಆಮೇಲೆ ಗ್ಳುಕ್ ಗ್ಳುಕ್ ಎಂದು ನೀರು. ಆಮೇಲೆ ಹುಬ್ಬು ಮೇಲೇರಿತು, ಕಣ್ಣು ಮುಚ್ಚಿತು, ಕತ್ತು ಎಡಕ್ಕೆ ವಾಲಿತು, ಹಾಡು ಶುರುವಾಯಿತು. ಮೇಲಿನ ಸ್ವರಕ್ಕೆ ಹೋಗುವಾಗ ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಂತು, ಅಲ್ಲಿಗೂ ಎಟುಕದೆ, ಕೆಮ್ಮಿದ ಹಾಗೆ ಮಾಡಿ ಕೆಳಗಿಳಿದಳು. ಸಭೆ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ ನಕ್ಕೆ. ಅದು ಯಾರು ಎಂದು ಹೊಳೆಯುವುದಕ್ಕೆ ನನಗೊಬ್ಬನಿಗೆ ಅರ್ಧ ನಿಮಿಷ ಹೆಚ್ಚು ಹಿಡಿಯಿತು. ಆ ಅರ್ಧ ನಿಮಿಷ ಪೂರ್ತಿ ಕ್ಯಾಮೆರಾ ನನ್ನ ಮೇಲೆಯೇ ಇತ್ತು. ಮರುಪ್ರಸಾರ ನಾಲ್ಕು ಸಲ ಆಯಿತು.

ಅವಳಿಗಾಗಿ ಅಡುಗೆಮನೆಯಲ್ಲಿ ಒಂದು ಎತ್ತರದ ಮಣೆ ಮಾಡಿಸಬೇಕಾಯಿತು. ಅವಳು ಅದರ ಮೇಲೆ ಕೂತು ಊಟ ಮಾಡುತ್ತಿದ್ದಳು, ನಾನು ಕೆಳಗೆ ಕೂತು. ಸಾರು ಬಡಿಸಲು ಅವಳು ಬಗ್ಗಬೇಕು, ಮಜ್ಜಿಗೆ ಕೇಳಲು ನಾನು ಕತ್ತೆತ್ತಬೇಕು. ಸಮಾರಂಭಗಳಿಗೆ ಒಟ್ಟಿಗೆ ಹೋಗಿ ಬಾಗಿಲಲ್ಲಿ ಬೇರೆಯಾಗುತ್ತಿದ್ದೆವು. ಪ್ರಶಸ್ತಿ ಬಂದ ಮರುದಿನದಿಂದ ನಾನು ಹಾಡುವುದು ಬಿಟ್ಟೆ. ಅವಳು ಅದರ ಬಗ್ಗೆ ಕೇಳಿದ್ದು ಒಂದೇ ಸಲ.

"ಏನ್ರೀ, ನೀರು ಸದ್ದಿಲ್ದೆ ಬಂತಲ್ಲ ಇವತ್ತು?"

"ನೀರಿಗೆಂಥ ಸದ್ದು?"

"ನೀವು ಹಾಡ್ಲಿಲ್ಲ."

"ಹಾಡೋಕೆ ಊರಲ್ಲಿ ಬೇರೆಯವ್ರಿದಾರೆ. ಪ್ರಶಸ್ತಿ ಬಂದೋರು."

ಅವಳು ಏನೋ ಹೇಳಲು ಬಾಯಿ ತೆರೆದು, ಮಣೆಯ ಮೇಲಿಂದ ನನ್ನ ನೆತ್ತಿಯನ್ನೇ ನೋಡಿ, ಬಗ್ಗಿ ಸಾರು ಬಡಿಸಿದಳು. ಹನ್ನೆರಡು ವರ್ಷ ಆ ಮಾತು ಅಲ್ಲಿಗೇ ನಿಂತಿತು. ನನ್ನ ಸಿಟ್ಟು ಅಷ್ಟು ದಿನ ಬಾಳುವಷ್ಟು ಗಟ್ಟಿಯದೇನೂ ಆಗಿರಲಿಲ್ಲ. ಮೂರನೇ ತಿಂಗಳಿಗೇ ಕರಗಿತ್ತು. ಆದರೆ ಸಿಟ್ಟು ಮಾಡಿಕೊಂಡವನ ಮುಖ ಹಾಕಿಕೊಂಡ ಮೇಲೆ ಅದನ್ನು ತೆಗೆಯುವುದು ಹೇಗೆಂದು ಗೊತ್ತಾಗಲಿಲ್ಲ. ಹಾಡದೆ ಇರುವುದೇ ಒಂದು ಸಾಧನೆಯಂತೆ ಅಭ್ಯಾಸವಾಯಿತು.

ಇಪ್ಪತ್ತೆರಡನೇ ವರ್ಷಕ್ಕೆ ಕೆಳಗೆ ಉಳಿದವರು ಹನ್ನೊಂದು ಜನ. ಇಪ್ಪತ್ಮೂರಕ್ಕೆ ನಾಲ್ಕು. ಇಪ್ಪತ್ತನಾಲ್ಕನೇ ವರ್ಷ ಹಿಟ್ಟಿನ ಗಿರಣಿಯವನಿಗೆ ಯಂತ್ರಸಂಗೀತಕ್ಕೆಂದು, ಉಳಿದಿಬ್ಬರು ಅಣ್ಣತಮ್ಮಂದಿರಿಗೆ ಜಗಳದ ಜುಗಲ್‌ಬಂದಿಗೆಂದು ಕವಣೆ ಕೊಟ್ಟ ಮೇಲೆ ಊರಿನಲ್ಲಿ ಕೆಳಗೆ ಕೂರುವವನು ನಾನೊಬ್ಬನೇ ಆದೆ. ಆಗ ನೋಡಿ ನನಗೆ ಬಂದ ಬೆಲೆ! ಲಗ್ನಪತ್ರಿಕೆಗಳಲ್ಲಿ 'ಗುರುಪಾದ ಅವರು ಕೆಳಗೆ ಕೂರಲಿದ್ದಾರೆ' ಎಂದು ಅಚ್ಚು ಹಾಕಿಸಿದರು. ಒಂದೇ ಮುಹೂರ್ತಕ್ಕೆ ಮೂರು ಮದುವೆ ಬಂದರೆ ಅಕ್ಷತೆಯ ಹೊತ್ತಿಗೆ ಒಂದು ಕಡೆ, ಊಟಕ್ಕೆ ಇನ್ನೊಂದು ಕಡೆ ಎಂದು ನನ್ನನ್ನು ಹಂಚಿಕೊಳ್ಳುತ್ತಿದ್ದರು. ನನಗೆ ಮೆತ್ತೆ ಹಾಕಿದ ಕುರ್ಚಿ, ತಲೆಯ ಮೇಲೆ ಫ್ಯಾನು, ಗಳಿಗೆಗೊಮ್ಮೆ ಪಾನಕ. ಪ್ರತಿಯಾಗಿ ನಾನು ನೋಡಬೇಕು, ಕೇಳಬೇಕು, ಸರಿಯಾದ ಜಾಗದಲ್ಲಿ ತಲೆದೂಗಬೇಕು. ಕೂತಲ್ಲಿ ಆಕಳಿಸುವಂತಿಲ್ಲ; ಒಮ್ಮೆ ಆಕಳಿಸಿದ್ದಕ್ಕೆ ಒಬ್ಬ ವಧು ಅತ್ತುಬಿಟ್ಟಳು. ಸಂಜೆ ಮನೆಗೆ ಬಂದರೆ ಕೆನ್ನೆ ನೋಯುತ್ತಿತ್ತು. ಇಷ್ಟಾದರೂ ನನಗೆ ಬೇಕಾಗಿದ್ದದ್ದು ಮೆತ್ತೆಯ ಕುರ್ಚಿಯಲ್ಲ, ಮೇಲಿನ ಬರಿಯ ಹಲಗೆ.

ಇಪ್ಪತ್ತೈದನೇ ವರ್ಷ, ಒಂದು ಬೆಳಿಗ್ಗೆ ಕುಂಬಾರ ಬೀದಿಯ ವಾಲ್ವಿನ ಹತ್ತಿರ ಕೈರನ್ನ ಕೋಲೂರಿಕೊಂಡು ಬಂದರು. ಎಂಬತ್ತರ ಹತ್ತಿರ ಬಂದಿದ್ದರು. ನನ್ನ ಪಕ್ಕದ ಕಟ್ಟೆಯ ಮೇಲೆ ಕೂತು, ನೀರು ಹರಿಯುವುದನ್ನು ನೋಡುತ್ತ, "ಈ ವರ್ಷ ನಿಮಗೆ," ಎಂದರು.

ನನ್ನ ಕೈಯಿಂದ ಕೀಲಿ ಜಾರಿತು. "ಯಾವುದಕ್ಕೆ?"

"ಗಾಯನ."

"ಸ್ವಾಮಿ, ನಾನು ಹಾಡಿ ಹನ್ನೆರಡು ವರ್ಷ ಆಯ್ತಲ್ಲ."

"ಹೌದು. ಅದಕ್ಕೇ ನನಗೆ ಸ್ವಲ್ಪ ಧೈರ್ಯ ಬಂದದ್ದು," ಎಂದು ಕೈರನ್ನ ನಗದೆ ಹೇಳಿದರು. ಆಮೇಲೆ ದನಿ ತಗ್ಗಿಸಿದರು. "ನೋಡಿ, ಸತ್ಯ ಹೇಳ್ತೇನೆ. ಇಷ್ಟು ವರ್ಷ ನಿಮಗೆ ಕೊಡದೇ ಇದ್ದದ್ದು ನನ್ನ ಸ್ವಾರ್ಥ. ನಿಮ್ಮಷ್ಟು ಚೆಂದ ಕೇಳುವವ ಈ ಊರಲ್ಲಿ ಇನ್ನೊಬ್ಬ ಇರ್ಲಿಲ್ಲ. ಹಾಡು ಹಾಳಾಗಿದ್ರೂ ನಿಮ್ಮ ಮುಖ ತೋರಿಸಿದ್ರೆ ಜನ ಹಾಡು ಒಳ್ಳೇದಿತ್ತು ಅಂತ ಅಂದ್ಕೊಳ್ತಿದ್ರು. ನನ್ನ ಟಿವಿ ನಿಂತದ್ದೇ ನಿಮ್ಮ ಮೋರೆ ಮೇಲೆ ಮಾರಾಯ್ರೇ. ಇನ್ನು ನನಗೆ ಹೆಚ್ಚು ದಿನ ಇಲ್ಲ. ನಿಮಗೆ ಕೊಡದೆ ಹೋದ್ರೆ ಆಚೆ ಕಡೆ ನನಗೆ ಸಮಾಧಾನ ಇರ್ಲಿಕ್ಕಿಲ್ಲ."

ಅಳಬೇಕೋ ಜಗಳವಾಡಬೇಕೋ ತಿಳಿಯದೆ ನಾನು ವಾಲ್ವು ನಿಲ್ಲಿಸಿದೆ. ಅರ್ಧ ಕೊಡ ತುಂಬಿದ್ದ ಕುಂಬಾರ ಬೀದಿ ಒಕ್ಕೊರಲಿನಿಂದ ನನ್ನನ್ನು ಬಯ್ದಿತು.

ಸುದ್ದಿ ಮಧ್ಯಾಹ್ನದೊಳಗೆ ಊರು ಸುತ್ತಿತು. ಸಂಜೆ ಲತೀಫ್ ಸಾಬರು, ಶೇಷಮ್ಮ, ಕಂಚುಗಾರ ಮೌನೇಶ ಮೂವರೂ ಮನೆಗೆ ಬಂದರು. ಕೆಳಗೆ ಕೂರುವಂತಿಲ್ಲದ್ದರಿಂದ ಮೂವರೂ ನೀಲಾಂಬಿಕೆಯ ಮಣೆಯ ಮೇಲೆ ಒತ್ತೊತ್ತಾಗಿ ಕೂತರು. ಅಭಿನಂದನೆಗೆ ಬಂದಿದ್ದಾರೆಂದು ನಾನು ನಾಚಿಕೊಳ್ಳಲು ಸಿದ್ಧನಾದೆ.

"ಬೇಡ ಅಂದ್ಬಿಡಪ್ಪಾ," ಎಂದರು ಲತೀಫ್ ಸಾಬರು.

"ಏನು ಬೇಡ?"

"ಕವಣೆ. ನೀನೂ ಮೇಲೆ ಬಂದ್ಬಿಟ್ರೆ ನಾವು ಊದೋದು ಯಾರಿಗೆ? ಗೋಡೆಗಾ?"

ಮೌನೇಶ, "ನೋಡಣ್ಣ, ನಿನಗೆ ಬೇಕಾದ್ರೆ ನಾನು ಗುಟ್ಟಾಗಿ ಒಂದು ಮಾಡ್ಕೊಡ್ತೀನಿ. ಇದಕ್ಕಿಂತ ದೊಡ್ಡದು. ಟ್ರಂಕಲ್ಲಿ ಇಟ್ಕೊ," ಎಂದ.

ಶೇಷಮ್ಮನಿಗೆ ಎಂಬತ್ತಾರು. "ನಂದೇನು, ಇವತ್ತೋ ನಾಳೆಯೋ ಮಗಾ. ಬಾಯಲ್ಲಿ ಒಂದು ಭಜನೆ ಉಳ್ಕೊಂಡಿದೆ. ಅದನ್ನ ಯಾರಾದ್ರೂ ಕೇಳೋರು ಇರ್ಬೇಕಲ್ಲಪ್ಪ," ಎಂದರು.

ಆ ಮಾತಿಗೆ ನನ್ನ ಎದೆ ಕರಗಬೇಕಾಗಿತ್ತು. ಕರಗಿತು ಕೂಡ. ಆದರೆ ನನ್ನ ಎದೆಯ ಕೆಳಗೆ ಇನ್ನೊಂದು ಎದೆಯಿದೆ. ಅದು ಇಪ್ಪತ್ತನಾಲ್ಕು ವರ್ಷದಿಂದ ಅಂಚಿನ ಕುರ್ಚಿಯಲ್ಲಿ ಕೂತಿತ್ತು. "ನಿಮ್ಮೆಲ್ಲರದ್ದೂ ಕೇಳಿದೀನಿ. ಗೂಬೆ ಕೂಗೂ ಕೇಳಿದೀನಿ, ಹಿಟ್ಟಿನ ಗಿರಣಿಗೂ ತಲೆದೂಗಿದೀನಿ," ಎಂದೆ. "ಒಂದೇ ಒಂದು ದಿನ ನೀವು ನಂದು ಕೇಳಿ." ಅವರು ಮಣೆಯಿಂದ ಎದ್ದು ಹೋದರು. ಬಾಗಿಲಲ್ಲಿ ನಿಂತಿದ್ದ ನೀಲಾಂಬಿಕೆ ಬೇಡವೆನ್ನಲಿಲ್ಲ, ಬೇಕೆನ್ನಲಿಲ್ಲ. "ಯಾವ ಹಾಡು?" ಎಂದಷ್ಟೇ ಕೇಳಿದಳು. ನಾನು ಹೇಳಲಿಲ್ಲ. ಕಲಾವಿದನೆಂದರೆ ಸ್ವಲ್ಪ ಗುಟ್ಟಿರಬೇಕು ಎಂದು ಎಲ್ಲೋ ಕೇಳಿದ್ದೆ.

ಗಂಟಲು ತುಕ್ಕು ಹಿಡಿದಿತ್ತು. ಮನೆಯಲ್ಲಿ ಅಭ್ಯಾಸ ಮಾಡಲು ನಾಚಿಕೆ. ಊರಾಚೆಯ ನೀರಿನ ಟ್ಯಾಂಕನ್ನು ತೊಳೆಯಲು ಖಾಲಿ ಮಾಡುವ ವಾರವಾಗಿತ್ತದು, ಏಣಿ ಇಳಿದು ಅದರೊಳಗೆ ನಿಂತು ಹಾಡಿದೆ. ಅಬ್ಬಾ, ಎಂಥ ನಾದ! ಒಂದು ಸ್ವರ ಬಿಟ್ಟರೆ ನಾಲ್ಕಾಗಿ ತಿರುಗಿ ಬರುತ್ತಿತ್ತು. ಇಷ್ಟು ವಿದ್ಯೆ ಇಟ್ಟುಕೊಂಡು ಹನ್ನೆರಡು ವರ್ಷ ಸುಮ್ಮನಿದ್ದೆನಲ್ಲ ಎಂದು ನನ್ನ ಮೇಲೆ ನನಗೇ ಕನಿಕರವಾಯಿತು. ಖಾಲಿ ಟ್ಯಾಂಕು ಯಾರನ್ನು ಬೇಕಾದರೂ ವಿದ್ವಾಂಸನನ್ನಾಗಿ ಮಾಡುತ್ತದೆ ಎಂಬ ತಿಳಿವಳಿಕೆ ಆಮೇಲೆ ಬಂದದ್ದು.

ಸಮಾರಂಭ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ. ಬಡಗಿಗಳು ಕೊನೆಯ ಸಾಲಿನವರೆಗೂ ಹಲಗೆ ಹೊಡೆದಿದ್ದರು. ಬಾಗಿಲ ಹತ್ತಿರ ನಾಲ್ಕು ಮೆಟ್ಟಿಲು, ಅದರ ಮುಂದೆ ನೆಲದ ಮೇಲೆ ಒಂದು ಕುರ್ಚಿ. ಮೇಲೆ ಇಡೀ ಊರು. ನಾನು ಕಂದು ಬಣ್ಣದ ಕೋಟು ಹಾಕಿಕೊಂಡು ಕುರ್ಚಿಯಲ್ಲಿ ಕೂತೆ. ಅವರು ಒಬ್ಬೊಬ್ಬರಾಗಿ ಹಾಡಿದರು, ಊದಿದರು, ಕೂಗಿದರು. ಇದೇ ಕೊನೆ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಶೇಷಮ್ಮ ತಮ್ಮ ಬಾಯಲ್ಲಿ ಉಳಿದಿದ್ದ ಭಜನೆ ಹಾಡಿದರು. ದನಿ ಇರಲಿಲ್ಲ, ತುಟಿ ಮಾತ್ರ ಅಲುಗಿತು. ನಾನು ಅತ್ತೆ. ಕೆಲಸಕ್ಕೆಂದು ಅತ್ತದ್ದಲ್ಲ.

ಆಮೇಲೆ ಕೈರನ್ನ ನನ್ನ ಹೆಸರು ಕರೆದರು. ಎಷ್ಟೋ ವರ್ಷ ಅಭ್ಯಾಸ ಮಾಡಿದ್ದೆನಲ್ಲ, ಯಾರ ಕಾಲನ್ನೂ ತುಳಿಯದೆ ಎದ್ದೆ. ತುಳಿಯಲು ಯಾರ ಕಾಲೂ ಇರಲಿಲ್ಲ. ನಾಲ್ಕು ಮೆಟ್ಟಿಲು ಹತ್ತಿದೆ. ಹಿತ್ತಾಳೆಯ ಕವಣೆ ಅಂದುಕೊಂಡದ್ದಕ್ಕಿಂತ ಭಾರವಾಗಿತ್ತು. ಎದೆಗೆ ಒತ್ತಿಕೊಂಡೆ. ಕೈರನ್ನ ಕಾತರದಿಂದ ನನ್ನ ಕಣ್ಣುಗಳನ್ನು ನೋಡುತ್ತಿದ್ದರು. ಅಳು ಬರಲಿಲ್ಲ, ಆಗಲೇ ಖರ್ಚಾಗಿ ಹೋಗಿತ್ತು. ಪದ್ಧತಿಯಂತೆ ಹಾಡಲೆಂದು ಸಭೆಯ ಕಡೆ ತಿರುಗಿದೆ.

ಸಭೆ ಇರಲಿಲ್ಲ. ಒಂದು ಕುರ್ಚಿ, ಅದರ ಮೇಲೆ ನಾನು ಕೂತು ತಗ್ಗಾಗಿದ್ದ ಮೆತ್ತೆ, ಹಿಂದೆ ತೆರೆದ ಬಾಗಿಲು, ಬಾಗಿಲಾಚೆ ಬಿಸಿಲು. ಕೈರನ್ನ ಅಭ್ಯಾಸಬಲದಿಂದ ಕ್ಯಾಮೆರಾವನ್ನು ಕುರ್ಚಿಯ ಕಡೆಗೇ ತಿರುಗಿಸಿ ಹಿಡಿದಿದ್ದರು. ನಾನು ಹುಬ್ಬೆತ್ತಿ, ಕಣ್ಣು ಮುಚ್ಚಿ, ಬಾಯಿ ತೆರೆದೆ. ಗ್ಳುಕ್ ಎಂಬ ಶಬ್ದ ಬಂತು. ಮತ್ತೆ ಪ್ರಯತ್ನಿಸಿದೆ. ಗ್ಳುಕ್. ಯಾರೂ ನಗಲಿಲ್ಲ. ಅದು ಸೌಜನ್ಯವೆಂದು ತಿಳಿಯಬೇಡಿ. ಮೇಲಿದ್ದವರಿಗೆ ಯಾವಾಗ ನಗಬೇಕೆಂದು ಗೊತ್ತಾಗುತ್ತಿದ್ದದ್ದು ಕೆಳಗಿನ ಮುಖ ನೋಡಿ, ಕೆಳಗೆ ಮುಖವೇ ಇರಲಿಲ್ಲ. ಮೂರು ಸಾವಿರ ಜನ ಆ ಖಾಲಿ ಕುರ್ಚಿಯನ್ನು ನೋಡುತ್ತ ಕಾದರು. ಇಷ್ಟು ಜನರ ಮಧ್ಯೆ ಅಷ್ಟು ಒಂಟಿತನ ನಾನು ಆ ಟ್ಯಾಂಕಿನೊಳಗೂ ಕಂಡಿರಲಿಲ್ಲ.

ಆಗ ಹಿಂದೆಲ್ಲೋ ಹಲಗೆ ಕಿರುಗುಟ್ಟಿತು. ಜನರ ನಡುವೆ ದಾರಿ ಮಾಡಿಕೊಂಡು ನೀಲಾಂಬಿಕೆ ಬಂದಳು. ನನ್ನ ಕಡೆ ನೋಡದೆ ನೇರ ಮೆಟ್ಟಿಲ ಹತ್ತಿರ ಹೋದಳು.

"ಅಮ್ಮಾ, ಇಳೀಬಾರ್ದು," ಎಂದರು ಲತೀಫ್ ಸಾಬರು ಗಾಬರಿಯಿಂದ.

"ಇಳಿದ್ರೆ ಏನಾಗುತ್ತೆ?" ಎಂದಳು ನೀಲಾಂಬಿಕೆ.

ಲತೀಫ್ ಸಾಬರು ಯೋಚಿಸಿದರು. ಇಪ್ಪತ್ತೈದು ವರ್ಷದಲ್ಲಿ ಯಾರೂ ಕೇಳಿಯೇ ಇರಲಿಲ್ಲ. ಅವಳು ಒಂದು ಕೈಯಲ್ಲಿ ನೆರಿಗೆ ಎತ್ತಿ ಹಿಡಿದು ನಾಲ್ಕೂ ಮೆಟ್ಟಿಲಿಳಿದು, ಕುರ್ಚಿಯ ಮೆತ್ತೆಯನ್ನು ತಟ್ಟಿ ಸರಿ ಮಾಡಿ, ಕೂತಳು. ಸೆರಗು ಹೊದ್ದಳು. ಕತ್ತೆತ್ತಿ ನನ್ನನ್ನು ನೋಡಿ, "ಹೂಂ, ಹಾಡ್ರಿ," ಎಂದಳು.

ನಾನು ಹಾಡಿದೆ. ಟ್ಯಾಂಕಿನ ದನಿ ಬರಲಿಲ್ಲ. ನನ್ನದೇ ದನಿ ಬಂತು. ಶ್ರುತಿ ಎಡಬಿಡಂಗಿಯಾಗಿ ಮೇಲೆ ಕೆಳಗೆ ಅಲೆದಾಡಿತು. ಮೇಲಿನ ಸ್ವರ ಹತ್ತಿರ ಬಂದಾಗ ನನ್ನ ಹಿಮ್ಮಡಿಗಳು ನನ್ನನ್ನು ಕೇಳದೆ ಎದ್ದು ನಿಂತವು. ನೀಲಾಂಬಿಕೆ ನಕ್ಕಳು. ಸೆರಗು ಬಾಯಿಗಿಟ್ಟುಕೊಂಡು, ಹೆಗಲು ಕುಲುಕಿಸಿ ನಕ್ಕಳು. ಆ ಮುಖ ನೋಡಿ ಮೇಲಿದ್ದವರೆಲ್ಲ ನಕ್ಕರು. ನಿಲ್ಲಿಸಿಬಿಡೋಣವೆನ್ನಿಸಿತು. ಆದರೆ ಯಾವಾಗಲೂ ಕಣ್ಣು ಮುಚ್ಚಿ ಹಾಡುತ್ತಿದ್ದವನು ಈ ಸಲ ಭಯದಿಂದ ಕಣ್ಣು ಬಿಟ್ಟುಕೊಂಡೇ ಇದ್ದೆ, ಹೀಗಾಗಿ ಕಂಡಿತು: ಅವಳ ತುಟಿ ಅಲುಗುತ್ತಿತ್ತು. ನಗುತ್ತಲೇ ಅವಳು ನನ್ನ ಜೊತೆಗೆ ಸದ್ದಿಲ್ಲದೆ ಹಾಡುತ್ತಿದ್ದಳು. ಎರಡನೇ ಚರಣದಲ್ಲಿ ನನಗೆ ಒಂದು ಸಾಲು ಸರಿಯಾಗಿ ಬರುವುದಿಲ್ಲ, ಬಾಯಿಗೆ ಬಂದ ಯಾವುದೋ ಪದ ಸೇರಿಸಿ ದಾಟಿಸುತ್ತೇನೆ. ಅದು ಯಾವ ಪುಸ್ತಕದಲ್ಲೂ ಇಲ್ಲದ ಪದ. ಅವಳ ತುಟಿಯಲ್ಲಿ ಅದೇ ಪದ ಬಂತು. ಹಾಡದೆ ಕಳೆದ ಹನ್ನೆರಡು ವರ್ಷದಲ್ಲಿ ನಾನೇ ಅರ್ಧ ಮರೆತಿದ್ದೆ. ಮುಂದಿನ ಸಾಲಿಗೆ ತಡವರಿಸಿದಾಗ ಅವಳ ತುಟಿ ನೋಡಿಕೊಂಡು ಹಾಡಿದೆ.

ಹಾಡು ಮುಗಿಯುವ ಮೊದಲೇ ಶೇಷಮ್ಮ, "ನನ್ನ ಸ್ವಲ್ಪ ಇಳಿಸ್ರೋ," ಎಂದರು. ಮೌನೇಶ ಅವರ ಕೈ ಹಿಡಿದು ಇಳಿಸಿದ. ಇಳಿಸಿದವನು ತಾನೂ ಅಲ್ಲೇ ನಿಂತ. ಆಮೇಲೆ ಒಬ್ಬೊಬ್ಬರಾಗಿ ಇನ್ನಷ್ಟು ಜನ ಇಳಿದು, ಕುರ್ಚಿ ಇಲ್ಲದ್ದರಿಂದ ಬಾಗಿಲ ಬಳಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ನನ್ನ ಗಾನಕ್ಕೆ ಮನಸೋತು ಇಳಿದರೆಂದು ಬರೆಯಲು ಕೈ ತುಡಿಯುತ್ತಿದೆ. ಆದರೆ ಫ್ಯಾನಿದ್ದದ್ದು ಕೆಳಗೆ ಮಾತ್ರ. ಲತೀಫ್ ಸಾಬರು ಕೊನೆಯವರಾಗಿ ಇಳಿದು, ತಿರುಗಿ ವೇದಿಕೆಯ ಕಡೆ ಮುಖ ಮಾಡಿ ಕೂತು, "ಇಲ್ಲಿಂದ ಎಷ್ಟು 'ಸಾಫ್' ಕಾಣುತ್ತಪ್ಪಾ," ಎಂದು ಪಕ್ಕದವನಿಗೆ ಹೇಳಿದ್ದು ನನಗೆ ಕೇಳಿಸಿತು.

ಮನೆಗೆ ಹೋಗುವಾಗ ಬಿಸಿಲು ನೆತ್ತಿಗೆ ಬಂದಿತ್ತು. ನಾನು ಕೋಟು ಬಿಚ್ಚಿ ಹೆಗಲಿಗೆ ಹಾಕಿಕೊಂಡಿದ್ದೆ. ನಾವಿಬ್ಬರೂ ಎಂದಿಗಿಂತ ನಿಧಾನವಾಗಿ ನಡೆಯುತ್ತಿದ್ದೆವು. ನಾಲ್ಕು ಹೆಜ್ಜೆಗೊಮ್ಮೆ ಕೇಳಬೇಕೆನ್ನಿಸಿ, ಎಂಟು ಹೆಜ್ಜೆ ತಡೆದುಕೊಂಡು, ಕೊನೆಗೆ ಕೇಳಿಯೇಬಿಟ್ಟೆ.

"ಹೆಂಗಿತ್ತು?"

"ಚೆನ್ನಾಗಿರ್ಲಿಲ್ಲ," ಎಂದಳು ನೀಲಾಂಬಿಕೆ, ಒಂದಿಷ್ಟೂ ತಡಮಾಡದೆ.

ನಾನು ತಲೆಯಾಡಿಸಿದೆ.

ಇನ್ನೂ ಸ್ವಲ್ಪ ದೂರ ನಡೆದ ಮೇಲೆ ಅವಳೇ ಹೇಳಿದಳು. "ಚೆನ್ನಾಗಿರ್ಲಿಲ್ಲ. ಮುಗೀಬಾರ್ದು ಅನ್ನಿಸ್ತು, ಅಷ್ಟೆ."

ನಾನು ನಡುರಸ್ತೆಯಲ್ಲಿ ನಿಂತುಬಿಟ್ಟೆ. ಅವಳು ನಿಲ್ಲಲಿಲ್ಲ. "ಬನ್ನಿ, ಅನ್ನಕ್ಕಿಡ್ಬೇಕು," ಎನ್ನುತ್ತ ಮುಂದೆ ನಡೆದಳು. ನಾನು ಓಡಿ ಹೋಗಿ ಅವಳ ಸಮಕ್ಕೆ ಬಂದೆ.